ಬಲಾಢ್ಯ ನೆರೆಯವನ ಒತ್ತುವರಿ

ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದದ್ದು 2022ರ ಫೆಬ್ರವರಿ 24ರಂದು. ಅಂದಿನಿಂದ ಇಂದಿನವರೆಗೆ ಹಾಸನದಲ್ಲಿ ಈ ವಿಷಯ ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರಗಳು ಹೆಚ್ಚೇನೂ ಬದಲಾಗಿಲ್ಲ. "ಮೇಷ್ಟ್ರೇ, ನ್ಯಾಟೊ ಮನೆ ಬಾಗಿಲಿಗೇ ಬಂದು ಕೂತರೆ ಅವರೇನು ಸುಮ್ಮನಿರಬೇಕಿತ್ತಾ?" ಎಂದು ಅಮೆರಿಕದ ನೇತೃತ್ವದ ಆ ಸೇನಾ ಕೂಟವನ್ನು ತೋರಿಸುವವರು ಕೆಲವರು. "ಅಮೆರಿಕದವರು ಇರಾಕಿನಲ್ಲಿ ಮಾಡಿದ್ದೇನು?" ಎನ್ನುವವರು ಇನ್ನು ಕೆಲವರು. ವಯಸ್ಸಾದವರು 1971ನ್ನು ನೆನಪಿಸುತ್ತಾರೆ. ಉಳಿದವರದು ಇನ್ನೂ ಚಿಕ್ಕ ಮಾತು: "ನಮಗ್ಯಾಕೆ ಬಿಡಿ." ಈ ಮಾತುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಇವುಗಳನ್ನು ಮುಂದಿಟ್ಟು ನಾವು ನೋಡದೆ ಬಿಟ್ಟಿರುವ ಸಂಗತಿಯೊಂದಿದೆ. ದೊಡ್ಡ ರಾಷ್ಟ್ರವೊಂದು ನೆರೆಯ ದೇಶಕ್ಕೆ ಸೈನ್ಯ ನುಗ್ಗಿಸಿದಾಗ ಅದು ಯಾವುದನ್ನು ತಡೆಯುತ್ತೇನೆಂದು ಹೊರಟಿತ್ತೋ ಸಾಮಾನ್ಯವಾಗಿ ಅದನ್ನೇ ಬರಮಾಡಿಕೊಳ್ಳುತ್ತದೆ. ಜೊತೆಗೆ ಸಣ್ಣ ದೇಶಗಳು ನಂಬಿಕೊಂಡಿದ್ದ ಕಾಗದದ ಭರವಸೆಗಳ ಬೆಲೆಯನ್ನೂ ಕಳೆಯುತ್ತದೆ. ಈ ಎರಡನೆಯ ನಷ್ಟದಲ್ಲಿ, ಚೀನಾದ ಜೊತೆ ಇತ್ಯರ್ಥವಾಗದ ಗಡಿ ಇಟ್ಟುಕೊಂಡಿರುವ ನಮ್ಮ ಪಾಲೂ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು 1971ರ ಮಾತು. ಆ ವರ್ಷದ ಆಗಸ್ಟ್ 9ರಂದು ಭಾರತ ಮತ್ತು ಸೋವಿಯತ್ ಒಕ್ಕೂಟ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದವು. ಡಿಸೆಂಬರಿನ ಬಾಂಗ್ಲಾ ಯುದ್ಧದ ಸಮಯದಲ್ಲಿ ಭದ್ರತಾ ಮಂಡಳಿಯಲ್ಲಿ ಸೋವಿಯತ್ ಪ್ರತಿನಿಧಿ ಮೂರು ಬಾರಿ ವಿಟೊ ಚಲಾಯಿಸಿ ನಮ್ಮನ್ನು ಕಾಪಾಡಿದರು. ಈ ಋಣವನ್ನು ಮರೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಆ ಒಕ್ಕೂಟದಲ್ಲಿ ಉಕ್ರೇನ್ ಕೂಡ ಒಂದು ಗಣರಾಜ್ಯವಾಗಿತ್ತು, ಒಕ್ಕೂಟದ ಕಾರ್ಖಾನೆಗಳಲ್ಲಿ ದೊಡ್ಡ ಪಾಲು ಅಲ್ಲಿಯೇ ಇತ್ತು, ನಮ್ಮ ವಾಯುಪಡೆಯ ಎಎನ್-32 ವಿಮಾನಗಳು ಕೀವ್ ನಗರದ ಆಂಟೊನೊವ್ ಸಂಸ್ಥೆಯವು. ಋಣ ಇರುವುದು ನಿಜವಾದರೆ ಅದರಲ್ಲಿ ಇಬ್ಬರಿಗೂ ಪಾಲಿದೆ.

ಇನ್ನು ನ್ಯಾಟೊ ವಾದ. ಇದನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಇದು ಓದಿಕೊಂಡವರ ವಾದ. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್ ಶೃಂಗಸಭೆಯಲ್ಲಿ ನ್ಯಾಟೊ ನಾಯಕರು ಉಕ್ರೇನ್ ಮತ್ತು ಜಾರ್ಜಿಯಾ ಮುಂದೆಂದಾದರೂ ಸದಸ್ಯರಾಗುತ್ತವೆ ಎಂದು ಘೋಷಿಸಿದರು. ದಿನಾಂಕವನ್ನೂ ಹೇಳಲಿಲ್ಲ, ರಕ್ಷಣೆಯನ್ನೂ ಕೊಡಲಿಲ್ಲ. ಅದು ಬೇಜವಾಬ್ದಾರಿಯ ಘೋಷಣೆಯಾಗಿತ್ತು ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ನಂತರ ನಡೆದದ್ದನ್ನು ಗಮನಿಸಿ. 2010ರಲ್ಲಿ ಉಕ್ರೇನಿನ ಜನರೇ ರಷ್ಯಾದ ಕಡೆ ಒಲವಿದ್ದ ವಿಕ್ಟರ್ ಯಾನುಕೋವಿಚ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು, ಅದೇ ವರ್ಷ ಆ ದೇಶ ಯಾವ ಸೇನಾ ಕೂಟಕ್ಕೂ ಸೇರುವುದಿಲ್ಲವೆಂದು ಕಾನೂನು ಮಾಡಿಕೊಂಡಿತು. 2014ರ ಮಾರ್ಚ್‌ನಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿದಾಗಲೂ ಆ ಕಾನೂನು ಜಾರಿಯಲ್ಲಿಯೇ ಇತ್ತು. ಅದನ್ನು ಉಕ್ರೇನಿನ ಸಂಸತ್ತು ರದ್ದುಪಡಿಸಿದ್ದು ಆ ವರ್ಷದ ಡಿಸೆಂಬರಿನಲ್ಲಿ, ಅಂದರೆ ಕ್ರಿಮಿಯಾ ಕೈತಪ್ಪಿ, ಪೂರ್ವ ಉಕ್ರೇನಿನ ಡಾನ್‌ಬಾಸ್‌ನಲ್ಲಿ ರಕ್ತ ಹರಿದ ಮೇಲೆ.

ಇದರಲ್ಲಿ ಚುನಾವಣಾ ರಾಜಕೀಯ ಬಲ್ಲ ನಮ್ಮ ಜಿಲ್ಲೆಯವರಿಗೆ ಥಟ್ಟನೆ ಅರ್ಥವಾಗಬೇಕಾದ ಒಂದು ಲೆಕ್ಕವಿದೆ. ಉಕ್ರೇನಿನಲ್ಲಿ ರಷ್ಯಾ ಪರ ಪಕ್ಷಗಳಿಗೆ ಗಟ್ಟಿಯಾಗಿ ಮತ ಬೀಳುತ್ತಿದ್ದದ್ದು ಕ್ರಿಮಿಯಾ ಮತ್ತು ಡಾನ್‌ಬಾಸ್ ಪ್ರದೇಶಗಳಲ್ಲಿ. ಯಾನುಕೋವಿಚ್ ಗೆದ್ದ ಅಂತರವೇ ಸಣ್ಣದು. ಆ ಗೆಲುವು ನಿಂತಿದ್ದದ್ದು ಈ ಪೂರ್ವದ ಮತ್ತು ದಕ್ಷಿಣದ ಮತಗಳ ಮೇಲೆ. ರಷ್ಯಾ ಆ ನೆಲವನ್ನು ತೆಗೆದುಕೊಂಡಾಗ ಅಲ್ಲಿಯ ಮತದಾರರನ್ನೂ ಉಕ್ರೇನಿನ ಮತಪಟ್ಟಿಯಿಂದ ತೆಗೆದು ಹಾಕಿದಂತಾಯಿತು. ಕೀವ್‌ನಲ್ಲಿ ಇನ್ನೆಂದೂ ರಷ್ಯಾ ಪರ ಸರ್ಕಾರ ಮತಪೆಟ್ಟಿಗೆಯ ಮೂಲಕ ಬರದಂತೆ ಬಾಗಿಲು ಮುಚ್ಚಿದವರು ಅಮೆರಿಕದವರಲ್ಲ, ವ್ಲಾದಿಮಿರ್ ಪುಟಿನ್. ತನ್ನ ಭದ್ರಕೋಟೆಯಂತಿದ್ದ ಹೋಬಳಿಗಳನ್ನು ತಾನೇ ಬೇರೆ ಕ್ಷೇತ್ರಕ್ಕೆ ಸೇರಿಸಿ, ಆಮೇಲೆ ಹಳೆಯ ಕ್ಷೇತ್ರದಲ್ಲಿ ಸೋತೆನೆಂದು ಜಗಳ ತೆಗೆಯುವ ರಾಜಕಾರಣಿಯನ್ನು ನಮ್ಮ ಹಾಸನವೂ ಇದುವರೆಗೆ ಕಂಡಿಲ್ಲ.

2019ರಲ್ಲಿ ಶೇ 73ರಷ್ಟು ಮತ ಪಡೆದು ಗೆದ್ದ ವೊಲೊದಿಮಿರ್ ಝೆಲೆನ್‌ಸ್ಕಿ ರಷ್ಯನ್ ಮನೆಮಾತಿನವರು, ಶಾಂತಿ ತರುತ್ತೇನೆಂದು ಮತ ಕೇಳಿದವರು. ದಾಳಿಯ ನಂತರ ಅದೇ ದೇಶದಲ್ಲಿ ರಷ್ಯನ್ ಮಾತಾಡುತ್ತಿದ್ದ ಎಷ್ಟೋ ಕುಟುಂಬಗಳು ಬೀದಿಯಲ್ಲಿ ಉಕ್ರೇನಿಯನ್ ಮಾತಿಗೆ ಹೊರಳಿದವು. 2023ರಲ್ಲಿ ಕ್ರಿಸ್‌ಮಸ್ ರಜೆಯನ್ನೇ ರಷ್ಯಾದ ಪಂಚಾಂಗದ ಜನವರಿ 7ರಿಂದ ಡಿಸೆಂಬರ್ 25ಕ್ಕೆ ಬದಲಿಸಿಕೊಂಡರು. ಉಕ್ರೇನಿಯನ್ನರು ಬೇರೆ ಜನವೇ ಅಲ್ಲ, ಇಬ್ಬರೂ ಒಂದೇ ಎಂದು ಪುಟಿನ್ 2021ರ ಜುಲೈನಲ್ಲಿ ಉದ್ದನೆಯ ಲೇಖನ ಬರೆದಿದ್ದರು. ಆ ಲೇಖನವನ್ನು ಓದಿದವರಿಗೆ ಜಗಳ ನ್ಯಾಟೊದ್ದಷ್ಟೇ ಅಲ್ಲವೆಂದು ತಿಳಿದಿತ್ತು.

ಉತ್ತರದ ಕಥೆ ಇನ್ನೂ ಸ್ಪಷ್ಟ. ಫಿನ್‌ಲೆಂಡ್ ಎರಡನೆಯ ಮಹಾಯುದ್ಧದ ನಂತರ ರಷ್ಯಾವನ್ನು ಕೆಣಕದೆ ಬಾಳುವುದನ್ನೇ ವಿದೇಶಾಂಗ ನೀತಿ ಮಾಡಿಕೊಂಡಿದ್ದ ದೇಶ. ಸ್ವೀಡನ್ ಇನ್ನೂರು ವರ್ಷಗಳ ಕಾಲ ಯಾವ ಸೇನಾ ಕೂಟಕ್ಕೂ ಸೇರದೆ ಉಳಿದಿತ್ತು. 2023ರ ಏಪ್ರಿಲ್ 4ರಂದು ಫಿನ್‌ಲೆಂಡ್, 2024ರ ಮಾರ್ಚ್ 7ರಂದು ಸ್ವೀಡನ್ ನ್ಯಾಟೊ ಸೇರಿದವು. ಫಿನ್‌ಲೆಂಡ್‌ಗೆ ರಷ್ಯಾದೊಂದಿಗೆ ಸುಮಾರು 1,340 ಕಿಲೊಮೀಟರ್ ಗಡಿ ಇದೆ. ಹಾಗಾಗಿ ನ್ಯಾಟೊ ಮತ್ತು ರಷ್ಯಾ ನಡುವಿನ ಭೂಗಡಿ ಒಂದೇ ದಿನದಲ್ಲಿ ದುಪ್ಪಟ್ಟಿಗಿಂತ ಹೆಚ್ಚಾಯಿತು. ನ್ಯಾಟೊ ಹತ್ತಿರ ಬಂದದ್ದೇ ಯುದ್ಧಕ್ಕೆ ಕಾರಣವಾಗಿದ್ದರೆ ಪುಟಿನ್ ಇದಕ್ಕೆ ಕೆರಳಬೇಕಿತ್ತಲ್ಲವೇ? ಈ ಎರಡು ದೇಶಗಳು ಸೇರುವುದರಿಂದ ರಷ್ಯಾಕ್ಕೆ ನೇರ ಬೆದರಿಕೆಯೇನೂ ಇಲ್ಲ ಎಂದು 2022ರ ಮೇ ತಿಂಗಳಲ್ಲಿ ಅವರೇ ಹೇಳಿದರು. ಜರ್ಮನಿಯಲ್ಲಿ, ಅದೂ ಸೈನ್ಯದ ವಿಷಯದಲ್ಲಿ ದಶಕಗಳಿಂದ ಹಿಂಜರಿಯುತ್ತಿದ್ದ ಜರ್ಮನಿಯಲ್ಲಿ, ಯುದ್ಧ ಶುರುವಾಗಿ ಮೂರು ದಿನಕ್ಕೇ ಚಾನ್ಸಲರ್ ಒಲಾಫ್ ಶೋಲ್ಜ್ ಸೇನೆಗೆಂದು 10,000 ಕೋಟಿ ಯೂರೊಗಳ ವಿಶೇಷ ನಿಧಿ ಘೋಷಿಸಿದರು.

ರಷ್ಯಾದ ಸುತ್ತಲಿನ ಹಳೆಯ ಸೋವಿಯತ್ ದೇಶಗಳೂ ಸುಮ್ಮನೆ ಕೂರಲಿಲ್ಲ. ಕಜಕಸ್ತಾನದ ಅಧ್ಯಕ್ಷ ತೊಕಾಯೆವ್ 2022ರ ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪುಟಿನ್ ಅವರ ಪಕ್ಕದಲ್ಲೇ ಕುಳಿತು, ಡಾನ್‌ಬಾಸ್‌ನ ಸ್ವಘೋಷಿತ ಗಣರಾಜ್ಯಗಳಿಗೆ ಮಾನ್ಯತೆ ಕೊಡುವುದಿಲ್ಲ ಎಂದರು. ರಷ್ಯಾದ ರಕ್ಷಣೆ ನಂಬಿಕೊಂಡಿದ್ದ ಆರ್ಮೇನಿಯಾ, 2023ರ ಸೆಪ್ಟೆಂಬರ್‌ನಲ್ಲಿ ನಗೊರ್ನೊ-ಕರಬಾಖ್ ಅಜರ್‌ಬೈಜಾನಿನ ವಶವಾದಾಗ ರಷ್ಯಾದ ಶಾಂತಿಪಾಲಕರು ನೋಡುತ್ತ ನಿಂತದ್ದನ್ನು ಕಂಡು, ರಷ್ಯಾ ನೇತೃತ್ವದ ಸೇನಾ ಕೂಟದಲ್ಲಿ ತನ್ನ ಭಾಗವಹಿಸುವಿಕೆಯನ್ನೇ ನಿಲ್ಲಿಸಿತು. ರಷ್ಯಾದ ಬೆಂಬಲ ನೆಚ್ಚಿಕೊಂಡಿದ್ದ ಸಿರಿಯಾದ ಅಧ್ಯಕ್ಷ ಅಸಾದ್ 2024ರ ಡಿಸೆಂಬರ್‌ನಲ್ಲಿ ಮಾಸ್ಕೋಗೆ ಓಡಿಹೋಗಬೇಕಾಯಿತು.

ದಾಳಿ ಮಾಡಿದ ದೇಶದ ಒಳಗೇ ಆಗುವ ಹಾನಿ ಹೊರಗಿನವರಿಗೆ ಕಾಣುವುದು ಕಡಿಮೆ. 2022ರ ಮಾರ್ಚ್ ಮೊದಲ ವಾರದಲ್ಲಿ ರಷ್ಯಾದಲ್ಲಿ, ಸೇನೆಯ ಬಗ್ಗೆ ಸರ್ಕಾರ ಸುಳ್ಳೆಂದು ಕರೆಯುವ ಯಾವುದನ್ನು ಹೇಳಿದರೂ 15 ವರ್ಷಗಳವರೆಗೆ ಜೈಲು ವಿಧಿಸಬಹುದಾದ ಕಾನೂನು ಬಂತು. ಯುದ್ಧವನ್ನು ಯುದ್ಧ ಎಂದು ಕರೆದವರು ಪೊಲೀಸ್ ಠಾಣೆ ಹತ್ತಿದರು. ಎಖೋ ಮಾಸ್ಕ್ವಿ ರೇಡಿಯೊ ಮುಚ್ಚಿತು, ನೋವಾಯಾ ಗಜೆಟಾ ಪತ್ರಿಕೆ ಪ್ರಕಟಣೆ ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ಮೂರು ಲಕ್ಷ ಜನರನ್ನು ಸೇನೆಗೆ ಸೇರಿಸಿಕೊಳ್ಳುವ ಆದೇಶ ಹೊರಟಾಗ ಲಕ್ಷಾಂತರ ಯುವಕರು ಗಡಿ ದಾಟಿದರು. 2023ರ ಜೂನ್‌ನಲ್ಲಿ ಖಾಸಗಿ ಪಡೆಯ ಪ್ರಿಗೋಜಿನ್ ಬಂಡೆದ್ದು ಮಾಸ್ಕೋ ಕಡೆಗೆ ಹೊರಟು ಅರ್ಧದಾರಿಯಲ್ಲಿ ನಿಂತದ್ದು, ಎರಡು ತಿಂಗಳಲ್ಲಿ ವಿಮಾನ ಬಿದ್ದು ಸತ್ತದ್ದು ಎಲ್ಲರಿಗೂ ನೆನಪಿರಬಹುದು. ಪುಟಿನ್ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿ 2024ರ ಫೆಬ್ರವರಿಯಲ್ಲಿ ಜೈಲಿನಲ್ಲೇ ತೀರಿಕೊಂಡರು. ತುರ್ತು ಪರಿಸ್ಥಿತಿಯನ್ನು ಕಂಡ ನಮ್ಮ ತಲೆಮಾರಿನವರಿಗೆ ಇದರ ವಾಸನೆ ಗೊತ್ತಾಗಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಸುಮಾರು 1,900 ದೂರಗಾಮಿ ಅಣು ಸಿಡಿತಲೆಗಳಿದ್ದವು. ಸಂಖ್ಯೆಯಲ್ಲಿ ಅದು ಜಗತ್ತಿನ ಮೂರನೆಯ ದೊಡ್ಡ ಸಂಗ್ರಹ. ಅವುಗಳನ್ನು ಸಿಡಿಸುವ ಹತೋಟಿ ಮಾಸ್ಕೋದ ಕೈಯಲ್ಲಿತ್ತು ಎಂಬುದು ನಿಜವೇ, ಆದರೆ ಅವುಗಳನ್ನು ಹೊರುವ ಕ್ಷಿಪಣಿಗಳನ್ನು ತಯಾರಿಸಿದ ಎಂಜಿನಿಯರುಗಳಲ್ಲಿ ಅನೇಕರು ಉಕ್ರೇನಿನವರೇ ಆಗಿದ್ದರಿಂದ ಆ ಹತೋಟಿ ಎಷ್ಟು ದಿನ ಉಳಿಯುತ್ತಿತ್ತೋ ಹೇಳಲಾಗದು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ ಮತ್ತು ಬ್ರಿಟನ್ ಒಂದು ಕಾಗದಕ್ಕೆ ಸಹಿ ಹಾಕಿದವು: ಉಕ್ರೇನ್ ಈ ಅಸ್ತ್ರಗಳನ್ನು ಬಿಟ್ಟುಕೊಟ್ಟರೆ ಅದರ ಗಡಿಗಳನ್ನು ಗೌರವಿಸುತ್ತೇವೆ, ಅದರ ಮೇಲೆ ಬಲ ಪ್ರಯೋಗಿಸುವುದಿಲ್ಲ. ಉಕ್ರೇನ್ ಮಾತಿನಂತೆ ನಡೆದುಕೊಂಡಿತು. ಕೊನೆಯ ಸಿಡಿತಲೆ ರಷ್ಯಾಕ್ಕೆ ಸಾಗಿಸಿ ಮುಗಿದದ್ದು 1996ರ ಜೂನ್ ಆರಂಭದ ಹೊತ್ತಿಗೆ.

ಅದೇ 1996ರ ಜೂನ್ 1ರಂದು ದೆಹಲಿಯಲ್ಲಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದವರು ನಮ್ಮ ಹೊಳೆನರಸೀಪುರದ ಹರದನಹಳ್ಳಿಯ ದೇವೇಗೌಡರು. ಅವರ ಸರ್ಕಾರದ ಮುಂದೆ ಮೊದಲ ತಿಂಗಳುಗಳಲ್ಲೇ ಬಂದ ಪ್ರಶ್ನೆಗಳಲ್ಲಿ ಒಂದು, ಅಣು ಪರೀಕ್ಷೆಗಳನ್ನು ಸಂಪೂರ್ಣ ನಿಷೇಧಿಸುವ ಸಿಟಿಬಿಟಿ ಒಪ್ಪಂದ. ಜಗತ್ತಿನ ದೊಡ್ಡವರೆಲ್ಲ ಒತ್ತಡ ಹೇರಿದರೂ ಭಾರತ ಆ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಒಪ್ಪಂದಕ್ಕೆ ಅಡ್ಡಿ ನಿಂತಿತು. ಅಲ್ಲಿ ನಮ್ಮ ಪರವಾಗಿ ಮಾತಾಡಿದವರು ರಾಯಭಾರಿ ಅರುಂಧತಿ ಘೋಷ್. ಆಗ ನಮ್ಮ ಊರಿನಲ್ಲಿ ಚರ್ಚೆಯಾಗುತ್ತಿದ್ದದ್ದು ಗೌಡರು ಹಾಸನಕ್ಕೆ ಏನು ತರುತ್ತಾರೆ ಎಂಬುದೇ ಹೊರತು ಸಿಟಿಬಿಟಿ ಅಲ್ಲ. ಒಂದು ದೇಶ ಕಾಗದ ನಂಬಿ ಅಸ್ತ್ರ ಬಿಟ್ಟುಕೊಟ್ಟ ವರ್ಷವೇ ಇನ್ನೊಂದು ದೇಶ ಕಾಗದವನ್ನು ನಂಬಲು ಒಪ್ಪಲಿಲ್ಲ. ಇಂದು ಈ ಎರಡರಲ್ಲಿ ಯಾರ ತೀರ್ಮಾನ ಸರಿಯಾಗಿತ್ತು ಎಂದು ದಕ್ಷಿಣ ಕೊರಿಯಾದ ಸೋಲ್‌ನಲ್ಲೋ ಪೋಲೆಂಡಿನ ವಾರ್ಸಾದಲ್ಲೋ ಕೇಳಿದರೆ ಉತ್ತರವೇನು ಬರುತ್ತದೆ ಎಂಬುದೇ ನನ್ನ ಚಿಂತೆ. ಅಣ್ವಸ್ತ್ರ ಇಲ್ಲದಿದ್ದುದರಿಂದಲೇ ಉಕ್ರೇನ್ ಹೀಗಾಯಿತು ಎಂಬ ಪಾಠವನ್ನು ಸಣ್ಣ ದೇಶಗಳು ಕಲಿತರೆ, ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಕಟ್ಟಡ ಒಳಗಿಂದಲೇ ಸಡಿಲವಾಗುತ್ತದೆ. ಪೋಲೆಂಡ್, ಫಿನ್‌ಲೆಂಡ್ ಮತ್ತು ಬಾಲ್ಟಿಕ್ ದೇಶಗಳು 2025ರಲ್ಲಿ ನೆಲಬಾಂಬ್ ನಿಷೇಧ ಒಪ್ಪಂದದಿಂದ ಹೊರಬರಲು ತೀರ್ಮಾನಿಸಿದ್ದು ಈ ಸಡಿಲಿಕೆಯ ಮೊದಲ ಸೂಚನೆ.

ಕಾಗದದ ಇನ್ನೊಂದು ಬಗೆಯ ಅಪಮೌಲ್ಯ ಸಂಧಾನದ ಮೇಜಿನ ಮೇಲೆ ನಡೆಯುತ್ತದೆ. 2025ರ ನವೆಂಬರ್‌ನಲ್ಲಿ ಹೊರಬಂದ ಅಮೆರಿಕದ 28 ಅಂಶಗಳ ಶಾಂತಿ ಯೋಜನೆಯ ಕರಡು ಕ್ರಿಮಿಯಾ, ಡಾನ್‌ಬಾಸ್‌ನ ಲುಹಾನ್‌ಸ್ಕ್ ಮತ್ತು ಡೊನೆಟ್ಸ್ಕ್‌ಗಳನ್ನು ವಾಸ್ತವದಲ್ಲಿ ರಷ್ಯಾದವೆಂದು ಪರಿಗಣಿಸುವ, ಉಕ್ರೇನ್ ನ್ಯಾಟೊ ಸೇರದಂತೆ ಸಂವಿಧಾನದಲ್ಲೇ ಬರೆದುಕೊಳ್ಳುವ ಮಾತಾಡಿತು. ಡೊನೆಟ್ಸ್ಕ್‌ನಲ್ಲಿ ರಷ್ಯಾದ ಸೈನ್ಯ ಇನ್ನೂ ಗೆದ್ದಿರದ ನೆಲವೂ ಅದರಲ್ಲಿ ಸೇರಿತ್ತು. ಒತ್ತುವರಿಯ ರಾಜಕೀಯ ನಮ್ಮ ಮಲೆನಾಡಿಗೆ ಹೊಸದಲ್ಲ. ಫಾರಂ ನಂಬರ್ 50, 53, 57 ಎಂದು ಅರ್ಜಿ ಹಿಡಿದು ಬಗರ್ ಹುಕುಂ ಸಮಿತಿಯ ಮುಂದೆ ನಿಂತವರು ಪ್ರತಿ ಊರಿನಲ್ಲೂ ಇದ್ದಾರೆ. ಒಂದೆರಡು ಎಕರೆ ಉತ್ತು ಬದುಕಿದ ಭೂಹೀನನಿಗೆ ಸಕ್ರಮದಿಂದ ನ್ಯಾಯ ಸಿಗುತ್ತದೆ, ಸಿಗಬೇಕು. ಆದರೆ ಅದೇ ಬಾಗಿಲಿನಿಂದ ನೂರಾರು ಎಕರೆ ಬೇಲಿ ಹಾಕಿಕೊಂಡ ದೊಡ್ಡವನೂ ಒಳಗೆ ನುಗ್ಗಿದರೆ, ಮುಂದಿನ ವರ್ಷ ಬೇಲಿ ಇನ್ನೂ ಮುಂದಕ್ಕೆ ಸರಿಯುತ್ತದೆ, ಏಕೆಂದರೆ ಕೊನೆಗೆ ಸಕ್ರಮವಾಗಿಯೇ ಆಗುತ್ತದೆ ಎಂಬುದು ಅವನಿಗೆ ಗೊತ್ತಿರುತ್ತದೆ. ರಷ್ಯಾ 2014ರಲ್ಲಿ ಕ್ರಿಮಿಯಾ ತೆಗೆದುಕೊಂಡಾಗ ಜಗತ್ತು ಸಣ್ಣ ಪುಟ್ಟ ದಂಡ ವಿಧಿಸಿ, ಜರ್ಮನಿಗೆ ಹೊಸ ಅನಿಲ ಕೊಳವೆ ಹಾಕುವುದನ್ನೂ ಮುಂದುವರಿಸಿತು. ಎಂಟು ವರ್ಷಗಳ ನಂತರ ಬೇಲಿ ಎಲ್ಲಿಗೆ ಸರಿಯಿತೆಂದು ನೋಡಿದ್ದೇವೆ. ಯುದ್ಧ ನಿಲ್ಲಲೇಬೇಕು, ಅದಕ್ಕಾಗಿ ಉಕ್ರೇನ್ ಕಹಿಯಾದದ್ದನ್ನೂ ನುಂಗಬೇಕಾಗಬಹುದು. ಆದರೆ ಸದ್ಯಕ್ಕೆ ಗುಂಡು ಹಾರಿಸುವುದನ್ನು ನಿಲ್ಲಿಸುವುದು ಬೇರೆ, ಪಹಣಿಯನ್ನೇ ತಿದ್ದಿ ಕೊಡುವುದು ಬೇರೆ.

ಇಷ್ಟೆಲ್ಲ ಆದಾಗ ನಮ್ಮ ದೇಶ ಏನು ಮಾಡಿತು? 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿದವು, 5 ವಿರೋಧಿಸಿದವು, 35 ತಟಸ್ಥವಾಗಿ ಉಳಿದವು. ನಾವು ಆ 35ರಲ್ಲಿದ್ದೆವು. ಆ ವಾರದ ಮಟ್ಟಿಗೆ ನಾನಿದನ್ನು ತಪ್ಪೆನ್ನಲಾರೆ. ನಮ್ಮ ಸಾವಿರಾರು ವಿದ್ಯಾರ್ಥಿಗಳು ಖಾರ್ಕಿವ್, ಸೂಮಿಯ ನೆಲಮಾಳಿಗೆಗಳಲ್ಲಿದ್ದರು. ಹಿಂದಿನ ದಿನವಷ್ಟೇ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾಗಿದ್ದ. ಅವರನ್ನು ಕರೆತರಲು ಎರಡೂ ಕಡೆಯವರ ಸಹಕಾರ ಬೇಕಿತ್ತು. ಕೀವ್ ಬಳಿಯ ಬುಚಾದಲ್ಲಿ ನಡೆದ ನಾಗರಿಕರ ಹತ್ಯೆಗಳನ್ನು ಭಾರತ ಖಂಡಿಸಿದ್ದೂ, ಇದು ಯುದ್ಧದ ಕಾಲವಲ್ಲ ಎಂದು ಪ್ರಧಾನಿ ಮೋದಿ 2022ರ ಸೆಪ್ಟೆಂಬರ್‌ನಲ್ಲಿ ಸಮರಕಂದದಲ್ಲಿ ಪುಟಿನ್ ಎದುರಿಗೇ ಹೇಳಿದ್ದೂ ದಾಖಲೆಯಲ್ಲಿದೆ. ಆದರೆ ಆ ಮಾತಿಗೆ ಎರಡೇ ವಾರ ತುಂಬುವಷ್ಟರಲ್ಲಿ ರಷ್ಯಾ ನಾಲ್ಕು ಪ್ರಾಂತಗಳನ್ನು ತನ್ನದೆಂದು ಘೋಷಿಸಿಕೊಂಡಾಗಲೂ ನಾವು ತಟಸ್ಥ, 2025ರ ಫೆಬ್ರವರಿಯಲ್ಲೂ ತಟಸ್ಥ. ತುರ್ತಿಗೆ ಹಿಡಿದ ನಿಲುವು ಅಭ್ಯಾಸವಾಗಿಬಿಟ್ಟಿತು.

ಅಭ್ಯಾಸ ಹಳೆಯದೇ. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೆರಿಗೆ ನುಗ್ಗಿದಾಗ, ಅಲ್ಲಿ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಚುನಾವಣೆ ನಡೆಸಬೇಕೆಂಬ ನಿರ್ಣಯದ ವಿರುದ್ಧ ನಾವು ಮತ ಹಾಕಿದೆವು; ಅದೇ ಸಮಯದಲ್ಲಿ ಸೂಯೆಜ್ ಮೇಲೆ ಬ್ರಿಟನ್ ಮತ್ತು ಫ್ರಾನ್ಸ್ ನಡೆಸಿದ ದಾಳಿಯನ್ನು ಗಟ್ಟಿ ದನಿಯಲ್ಲಿ ಖಂಡಿಸಿದ್ದೆವು. 1968ರಲ್ಲಿ ಸೋವಿಯತ್ ಸೈನ್ಯ ನುಗ್ಗಿದ ಜೆಕೊಸ್ಲೊವಾಕಿಯಾದ ವಿಷಯದಲ್ಲಿ ಸರ್ಕಾರ ಮೆತ್ತಗಾದಾಗ ಕೇಂದ್ರ ಸಚಿವ ಅಶೋಕ್ ಮೆಹ್ತಾ ರಾಜೀನಾಮೆಯನ್ನೇ ಕೊಟ್ಟು ಹೊರನಡೆದರು. ಇಂಥ ಕಾರಣಕ್ಕೆ ಇಂದು ಯಾರಾದರೂ ಮಂತ್ರಿ ಪದವಿ ಬಿಡುತ್ತಾರೆ ಎಂದು ಊಹಿಸಿಕೊಳ್ಳಲೂ ಆಗುವುದಿಲ್ಲ.

1979ರ ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೈನ್ಯ ಅಫ್ಗಾನಿಸ್ತಾನಕ್ಕೆ ಇಳಿಯಿತು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಮತದಾರರು ರಾಜಕೀಯ ಮರುಜನ್ಮ ಕೊಟ್ಟಿದ್ದ ಇಂದಿರಾ ಗಾಂಧಿಯವರು ಜನವರಿಯಲ್ಲಿ ಮತ್ತೆ ಪ್ರಧಾನಿಯಾದರು. ಅದೇ ತಿಂಗಳು 104 ದೇಶಗಳು ಸೈನ್ಯ ವಾಪಸಾಗಬೇಕೆಂದು ಮತ ಹಾಕಿದಾಗ ಭಾರತ ತಟಸ್ಥ. "ನಮಗ್ಯಾಕೆ" ಎನ್ನುವವರು ಮುಂದೆ ನಡೆದದ್ದನ್ನು ಒಮ್ಮೆ ನೋಡಬೇಕು. ಆ ದಾಳಿಯ ನೆಪದಲ್ಲಿ ಅಮೆರಿಕ 1981ರಲ್ಲಿ ಪಾಕಿಸ್ತಾನಕ್ಕೆ 320 ಕೋಟಿ ಡಾಲರ್ ನೆರವು ಕೊಡಲು, ಎಫ್-16 ವಿಮಾನಗಳನ್ನು ಮಾರಲು ಒಪ್ಪಿತು, ಅಫ್ಗಾನ್ ಯುದ್ಧಕ್ಕೆಂದು ಬಂದ ಬಂದೂಕುಗಳೂ ತರಬೇತಾದ ಜನರೂ 1989ರ ನಂತರ ಕಾಶ್ಮೀರದ ಕಡೆ ತಿರುಗಿದರು. ಗಡಿ ದಾಟಿದ್ದು ಮಾಸ್ಕೋದ ಸೈನ್ಯ, ಸಾಲ ತೀರಿಸಿದ್ದು ನಾವೂ ಕೂಡ. ಈ ಬಾರಿಯ ಸಾಲ ಬೇರೆ ರೂಪದಲ್ಲಿ ಬರುತ್ತಿದೆ: ಪಶ್ಚಿಮದ ಮಾರುಕಟ್ಟೆ ಮುಚ್ಚಿದ ಮೇಲೆ ರಷ್ಯಾ ದಿನೇ ದಿನೇ ಚೀನಾದ ಮೇಲೆ ಒರಗುತ್ತಿದೆ. ನಮಗೆ ಎಸ್-400 ಕ್ಷಿಪಣಿ ವ್ಯವಸ್ಥೆ ಕೊಡುವ ದೇಶವೇ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರನ್ನು ಕೊಂದ ದೇಶದ ಹಂಗಿನಲ್ಲಿದ್ದರೆ, 1971ರ ಬಗೆಯ ವಿಟೊ ಮತ್ತೊಮ್ಮೆ ಸಿಗುತ್ತದೆ ಎಂದು ಯಾವ ಧೈರ್ಯದ ಮೇಲೆ ಹೇಳುವುದು?

ಅಮೆರಿಕದ ಇಬ್ಬಂದಿತನದ ಬಗ್ಗೆ ನನಗೆ ತಕರಾರಿಲ್ಲ. 2003ರ ಇರಾಕ್ ದಾಳಿ ಅನ್ಯಾಯವಾಗಿತ್ತು, ನಮ್ಮ ಸಂಸತ್ತು ಅದರ ವಿರುದ್ಧ ನಿರ್ಣಯವನ್ನೂ ಅಂಗೀಕರಿಸಿತ್ತು. ಅಂದು ಹಾಗೆ ಹೇಳಲು ಸಾಧ್ಯವಾಗಿದ್ದರೆ ಇಂದೂ ಸಾಧ್ಯವಾಗಬೇಕು ಎಂಬುದಷ್ಟೇ ನನ್ನ ವಾದ. ನೇಪಾಳದಲ್ಲಿ ಕುಳಿತು ನೋಡುವವರಿಗೆ ನಾವೂ ದೊಡ್ಡ ನೆರೆಯವರೇ. 2015ರಲ್ಲಿ ನೇಪಾಳಕ್ಕೆ ಸರಕು ಒಯ್ಯುವ ಲಾರಿಗಳು ನಮ್ಮ ಗಡಿಯಲ್ಲಿ ನಿಂತಾಗ ಅಲ್ಲಿನವರು ನಮ್ಮ ಬಗ್ಗೆ ಏನೆಂದುಕೊಂಡರು ಎಂಬುದನ್ನು ನಮ್ಮ ಪತ್ರಿಕೆಗಳು ಅಷ್ಟಾಗಿ ಬರೆಯಲಿಲ್ಲ.

ಕೊನೆಯದು ಎಣ್ಣೆಯ ಮಾತು. ಯುದ್ಧಕ್ಕೆ ಮೊದಲು ನಮ್ಮ ಕಚ್ಚಾತೈಲದಲ್ಲಿ ಶೇ 2ರಷ್ಟೂ ಇರದ ರಷ್ಯಾದ ಪಾಲು ಒಂದೆರಡು ವರ್ಷಗಳಲ್ಲಿ ಮೂರನೇ ಒಂದು ಭಾಗ ದಾಟಿತು. ಅಗ್ಗಕ್ಕೆ ಸಿಕ್ಕಿದ್ದನ್ನು ಕೊಂಡದ್ದರಲ್ಲಿ ನನಗೆ ದೊಡ್ಡ ತಪ್ಪೇನೂ ಕಾಣುವುದಿಲ್ಲ, ಯೂರೋಪಿನವರೂ ರಷ್ಯಾದ ಅನಿಲವನ್ನು ಪೂರ್ತಿ ಬಿಟ್ಟಿರಲಿಲ್ಲ. ಕೊಳ್ಳುವುದು ಬೇರೆ, ಕೊಂಡದ್ದಕ್ಕಾಗಿ ಬಾಯಿ ಮುಚ್ಚಿಕೊಳ್ಳುವುದು ಬೇರೆ. ಮೌನದಿಂದ ನಮಗೆ ಲಾಭವಾಯಿತೆಂದು ವಾದಿಸುವವರು ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು. 2022ರಲ್ಲಿ ಪೊಟ್ಯಾಷ್ ಚೀಲ 1,700 ರೂಪಾಯಿಗೆ ಏರಿದಾಗ ಆಲೂರು, ಸಕಲೇಶಪುರದ ಬೆಳೆಗಾರರು ಎರಡನೆಯ ಸುತ್ತಿನ ಗೊಬ್ಬರವನ್ನೇ ಕಡಿಮೆ ಮಾಡಿದರು; ಪೊಟ್ಯಾಷ್‌ನ ದೊಡ್ಡ ಪಾಲು ಬರುತ್ತಿದ್ದದ್ದು ರಷ್ಯಾ, ಬೆಲಾರುಸ್‌ಗಳಿಂದ. ಕಲಬುರಗಿ ಜಿಲ್ಲೆಯ ಯುವಕರನ್ನು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿಸಿ ಕರೆದೊಯ್ದು ರಷ್ಯಾದ ಯುದ್ಧಭೂಮಿಗೆ ನೂಕಿದರು. 2025ರ ಆಗಸ್ಟ್‌ನಲ್ಲಿ, ರಷ್ಯಾದ ಎಣ್ಣೆ ಕೊಳ್ಳುತ್ತೀರಿ ಎಂಬ ಕಾರಣ ಕೊಟ್ಟು ಟ್ರಂಪ್ ಇನ್ನೂ ಶೇ 25ರಷ್ಟು ಸುಂಕ ಹೇರಿ ಒಟ್ಟು ಶೇ 50 ಮಾಡಿದರು. ಆ ಪಟ್ಟಿಯಿಂದ ಕಾಫಿಯನ್ನು ಹೊರಗಿಟ್ಟದ್ದು ನವೆಂಬರ್‌ನಲ್ಲಿ. ಅದೂ ಚಿಕ್ಕಮಗಳೂರಿನ ಬೆಳೆಗಾರರ ಮೇಲಿನ ಕನಿಕರದಿಂದಲ್ಲ, ಅವರ ದೇಶದ ಅಂಗಡಿಗಳಲ್ಲಿ ಕಾಫಿಪುಡಿಯ ಬೆಲೆ ಏರಿತ್ತು ಎಂಬ ಕಾರಣಕ್ಕೆ.